ಕುಡಿಯದ ಶಕುಂತಲಮ್ಮನ ಬಿಯರ್

ಶಕುಂತಲಮ್ಮ ಬಿಯರ್ ಮಾಡುತ್ತಿದ್ದರು, ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಿಂಗಪುರದ ನಮ್ಮ ಕನ್ನಡದವರಲ್ಲಿ ಕೆಲವರು ಆಕೆಯ ಬೆನ್ನ ಹಿಂದೆ ಆಡಿಕೊಂಡದ್ದೆಲ್ಲ ಇದರ ಉಲ್ಟಾ. ಒಂದು ತೊಟ್ಟನ್ನೂ ಆಕೆ ನಾಲಿಗೆಗೆ ಹಚ್ಚಿದ್ದನ್ನು ನಾನು ನೋಡಿಲ್ಲ. ಆಕೆಯ ಕೈಯ ಬಿಯರನ್ನು ಅತಿ ಹೆಚ್ಚು ಕುಡಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನಷ್ಟು ಗಟ್ಟಿಯಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ.

ಪರಿಚಯವಾದದ್ದು ಜಗಳದಿಂದ. ನನ್ನದು ಏರ್‌ಕಾನ್ ಮತ್ತು ಫ್ರಿಜ್ ರಿಪೇರಿ ಕೆಲಸ, ಮನೆ ವುಡ್‌ಲ್ಯಾಂಡ್ಸ್‌ನಲ್ಲಿ. ಎರಡು ಸಾವಿರದ ಹದಿಮೂರರಲ್ಲಿ ಪಾಸಿರ್ ರಿಸ್‌ನಿಂದ ಒಂದು ಫೋನ್ ಬಂತು. ದ್ವೀಪದ ಆ ತುದಿಗೆ ನಾನು ಸಾಮಾನ್ಯವಾಗಿ ಹೋಗುವವನಲ್ಲ. ಆದರೆ ಫೋನಿನಲ್ಲಿ ಕನ್ನಡ ಕೇಳಿಸಿತು, ಬರುತ್ತೇನೆ ಅಂದುಬಿಟ್ಟೆ. ಹೋಗಿ ನೋಡಿದರೆ ಹಾಲ್‌ನಲ್ಲಿ ಸೆಕೆಂಡ್ ಹ್ಯಾಂಡಿನ ಒಂದು ದೊಡ್ಡ ಫ್ರಿಜ್. ಪ್ಲಗ್ ಹಾಕಿಯೇ ಇತ್ತು, ಒಳಗೆ ಕೈ ಇಟ್ಟೆ, ಚೆನ್ನಾಗಿಯೇ ತಣ್ಣಗಿತ್ತು. ಏನು ತೊಂದರೆ ಎಂದು ಕೇಳಿದೆ. ತಣ್ಣಗಾಗುವುದೇ ತೊಂದರೆ, ನನಗೆ ಹದಿನೆಂಟು ಡಿಗ್ರಿ ಬೇಕು, ಅದಕ್ಕಿಂತ ಕೆಳಗೆ ಹೋಗಬಾರದು ಅಂದರು ಆಕೆ.

ನನಗೆ ಪಿತ್ತ ನೆತ್ತಿಗೇರಿತು. ನನಗೆ ಅದು ಬೇಗ ಏರುತ್ತದೆ. "ಹದಿನೆಂಟು ಡಿಗ್ರಿ ಬೇಕಾದ್ರೆ ಏರ್‌ಕಾನ್ ಹಾಕ್ಕೊಂಡು ಮಲ್ಕೊಳ್ಳಿ ಮೇಡಮ್, ಫ್ರಿಜ್ ಯಾಕೆ? ಇದನ್ನ ಹೇಳೋಕೆ ನನ್ನ ಅಲ್ಲಿಂದ ಇಲ್ಲಿಗೆ ಓಡಿಸಿದ್ರಾ?"

ಆಕೆ ಸಿಟ್ಟಾಗಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್ಮನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ತಂದರು. ಅದರ ಮುಚ್ಚಳದ ಮೇಲೆ ನೀರು ತುಂಬಿದ ಒಂದು ಸಣ್ಣ ಗಾಜಿನ ಕೊಳವೆ. ಅದರೊಳಗೆ ಗುಳುಕ್, ಗುಳುಕ್ ಎಂದು ಗುಳ್ಳೆ ಏಳುತ್ತಿತ್ತು. "ಇದಕ್ಕೆ ಸೆಕೆ ಆಗ್ಬಾರದು, ಚಳಿನೂ ಆಗ್ಬಾರದು. ಒಂದೇ ಸಮ ಇರ್ಬೇಕು," ಅಂದರು. ಒಳಗೇನಿದೆ ಅಂದೆ. ಬಿಯರ್ ಅಂದರು. ನಾನು ಟೂಲ್ ಬಾಕ್ಸ್ ಕೆಳಗಿಟ್ಟೆ.

ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಇಲ್ಲಿ ಅಡ್ಡಿಯಿಲ್ಲ. ತಿಂಗಳಿಗೆ ಇಷ್ಟೇ ಎಂದು ಮಿತಿ ಇದೆ, ಮಾರುವಂತಿಲ್ಲ, ಅಷ್ಟೆ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಫ್ರಿಜ್ಜಿನ ಕೆಲಸ ಭಾರವೆನಿಸಲಿಲ್ಲ. ಹೊರಗಡೆ ಒಂದು ಥರ್ಮೋಸ್ಟಾಟ್ ಕೂರಿಸಿ, ಅದರ ವೈರನ್ನು ಒಳಗೆ ಬಿಟ್ಟು ಡ್ರಮ್ಮಿಗೆ ಟೇಪಿನಲ್ಲಿ ಅಂಟಿಸಿದೆ. ಒಳಗಿನ ಬಿಸಿ ಏರಿದರೆ ಫ್ರಿಜ್ ಓಡುತ್ತದೆ, ಇಳಿದರೆ ನಿಲ್ಲುತ್ತದೆ. ಆಕೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿರುತ್ತಾರೆ, ಅದು ಅಂಗಡಿಯಲ್ಲೇ ಸಿಗುತ್ತದೆ, ಅದನ್ನು ನುರಿದು ಬಟ್ಟೆಚೀಲದಲ್ಲಿ ಕಟ್ಟಿ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಅದ್ದಿಡಬೇಕು, ಸಿಹಿ ಎಲ್ಲ ನೀರಿಗೆ ಇಳಿದ ಮೇಲೆ ಚೀಲವನ್ನು ಎತ್ತಿ ಬಸಿದು, ಆ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಡ್ರಮ್ಮಿಗೆ ತುಂಬುವುದು ಎಂದು ವಿವರಿಸಿದರು. ಹುಳಿಯನ್ನ ಕಲಸುವುದನ್ನು ಹೇಳಿಕೊಟ್ಟಂತಿತ್ತು.

ಅಷ್ಟೆಲ್ಲ ಕಷ್ಟಪಟ್ಟು ಮಾಡಿ ಕುಡಿಯುವುದಿಲ್ಲ ಅಂದರೆ ಯಾಕೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಆಕೆ ಅವತ್ತೇ ಹೇಳಿದರು. ಗುಟ್ಟಿನ ಹಾಗೆ ಹೇಳಲಿಲ್ಲ. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶಕುಂತಲಮ್ಮನ ತಂದೆ ಶಿವರಾಮ್ ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯ ಹಿಂದಿನ ವಠಾರದಲ್ಲಿ ಮನೆ. ಸಂಜೆ ಅಪ್ಪ ಬಂದ ಕೂಡಲೇ ಈಕೆ ಓಡಿಹೋಗಿ ಸೊಂಟಕ್ಕೆ ಜೋತುಬೀಳುವುದು, ಅಪ್ಪ ಎತ್ತಿಕೊಂಡರೆ ಅಂಗಿಗೆ ಮೂಗು ಒತ್ತಿ ಹಾಗೇ ಇದ್ದುಬಿಡುವುದು. ಆ ಅಂಗಿಗೆ ಒಂದು ವಾಸನೆ ಇತ್ತಂತೆ. ಏನು ವಾಸನೆ ಅಪ್ಪಾ ಅಂದರೆ, ಊರಿಗೆಲ್ಲ ನಾನೇ ಬಿಯರ್ ಮಾಡೋದು ಮಗಳೇ, ಅದರದ್ದು ಅನ್ನುತ್ತಿದ್ದರಂತೆ. ಈಕೆ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಅವರು ಕಾಮಾಲೆಯಲ್ಲಿ ಹೋಗಿಬಿಟ್ಟರು. ಗಂಡನ ಕೆಲಸ ಹೇಳಿಕೊಳ್ಳಲು ಮೊದಲಿಂದಲೂ ನಾಚುತ್ತಿದ್ದ ತಾಯಿ, ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಅಂಗಿಗಳನ್ನೆಲ್ಲ ಸೋಪು ಹಾಕಿ ತಿಕ್ಕಿ ಒಗೆದು ಯಾರಿಗೋ ಕೊಟ್ಟು, ಮಗಳನ್ನು ಕರೆದುಕೊಂಡು ಮೈಸೂರಿಗೆ ಅಣ್ಣನ ಮನೆಗೆ ಹೊರಟರು. ಒಂದು ಅಂಗಿಯೂ ಉಳಿಯಲಿಲ್ಲ. ಕಾರ್ಖಾನೆಯೂ ಆಮೇಲೆ ಮುಚ್ಚಿತು.

ಶಕುಂತಲಮ್ಮನ ಗಂಡ ಯೋಗೇಶ್ ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವರು. ಒಂದು ಸಂಜೆ ಅವರಿಗೋಸ್ಕರ ಆಫೀಸಿನ ಕೆಳಗೆ ಕಾಯುತ್ತಿದ್ದಾಗ ಪಕ್ಕದ ಬೀದಿಯ ಹಳೆಯ ಅಂಗಡಿಮನೆಯಲ್ಲಿ ಯಾರೋ ಬಿಯರ್ ಬೇಯಿಸುತ್ತಿದ್ದರು. ಗಾಳಿಯಲ್ಲಿ ಏನೋ ಬಂತು. "ಪೂರ್ತಿ ಅಲ್ಲ, ಅರ್ಧ," ಅಂದರು ಶಕುಂತಲಮ್ಮ. ಯೋಗೇಶ್ ಬಂದು ಭುಜ ಮುಟ್ಟುವವರೆಗೆ ಅಲ್ಲೇ ನಿಂತಿದ್ದರಂತೆ. ಮಾರನೆಯ ವಾರ ದೊಡ್ಡ ಪಾತ್ರೆ ಮನೆಗೆ ಬಂತು.

ಆಕೆಗೆ ಬೇಕಾಗಿದ್ದದ್ದು ಅಷ್ಟೇ. ಆ ವಾಸನೆ ಪೂರ್ತಿಯಾಗಿ, ಒಂದು ಸಲ.

ಹಾಗಾಗಿ ಆಕೆಯ ಹವ್ಯಾಸ ಬೇರೆಯವರದ್ದರ ಹಾಗಿರಲಿಲ್ಲ. ಬೇರೆಯವರು ರುಚಿ ನೋಡಿ ಸರಿಮಾಡುತ್ತಾರೆ, ಈಕೆ ಮೂಗಿನಿಂದ. ಬಾರ್ಲಿ ನೆನೆಯುವಾಗ ಪಾತ್ರೆಯ ಮೇಲೆ ಬಗ್ಗುವರು, ಕುದಿಯುವಾಗ ಬಗ್ಗುವರು, ಡ್ರಮ್ಮಿನ ಮುಚ್ಚಳ ತೆಗೆದಾಗ ಕಣ್ಣು ಮುಚ್ಚಿ ಬಗ್ಗುವರು. "ಹತ್ರ ಬಂತು" ಅನ್ನುವರು, ಇಲ್ಲವೇ ತಲೆ ಅಲ್ಲಾಡಿಸಿ ಎದ್ದು ಹೋಗುವರು. ಒಂದು ಸಲ ಕಪ್ಪಗೆ ಹುರಿದ ಬಾರ್ಲಿ, ಇನ್ನೊಂದು ಸಲ ಬೆಳ್ಳಗಿನದು. ಯೀಸ್ಟ್ ಬದಲಾಯಿಸಿದರು, ಬಿಸಿ ಬದಲಾಯಿಸಿದರು. ಮೂಗಿಗೆ ಬಾರದ ಬಿಯರ್ ಎಷ್ಟೇ ಚೆನ್ನಾಗಿದ್ದರೂ ಆಕೆಗೆ ಅದು ಸೋತ ಬಿಯರ್. ಅದನ್ನು ನಾನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಒಮ್ಮೆ ನಾನು ಬರುವುದು ತಡವಾಯಿತೆಂದು ಒಂದು ಡ್ರಮ್ ಪೂರ್ತಿ ಸಿಂಕಿಗೆ ಸುರಿದುಬಿಟ್ಟಿದ್ದರು. ಅವತ್ತು ನಾನು ಕಿರುಚಿದ್ದು ಕೆಳಗೆ ಕಟ್ಟಡದ ಬುಡದ ತೆರೆದ ವಾಯ್ಡ್ ಡೆಕ್‌ನಲ್ಲಿ ಚೆಸ್ ಆಡುತ್ತಿದ್ದ ಚೀನಿ ಮುದುಕರಿಗೂ ಕೇಳಿಸಿತಂತೆ.

ಗ್ಯಾಸಿನ ವಿಷಯ ಹೇಳಬೇಕು. ಡ್ರಮ್ಮಿನಿಂದ ಇಳಿಸಿದ ಬಿಯರ್ ಸತ್ತ ಸೋಡದ ಹಾಗಿರುತ್ತದೆ. ಅದರಲ್ಲಿ ನೊರೆ ಬರಬೇಕಾದರೆ ಬಾಟಲಿಗೆ ತುಂಬುವಾಗ ಸ್ವಲ್ಪ ಸಕ್ಕರೆ ಹಾಕಿ ಬಿರಡೆ ಒತ್ತಿ ಇಡಬೇಕು. ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಗ್ಯಾಸು ಹೊರಗೆ ಹೋಗಲಾರದೆ ಬಿಯರಿನೊಳಗೇ ಸೇರಿಕೊಳ್ಳುತ್ತದೆ. ಶಕುಂತಲಮ್ಮನಿಗೆ ಒಂದು ಯೋಚನೆ ಬಂತು. ಅಪ್ಪನ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆಯವರು ಸಕ್ಕರೆಯ ಬದಲು ಬೆಲ್ಲ ಹಾಕುತ್ತಿದ್ದಿರಬಹುದು, ವಾಸನೆಗೆ ಅದೇ ಕಾರಣವಿರಬಹುದು ಎಂದು. ಲಿಟಲ್ ಇಂಡಿಯಾದಿಂದ ಅಚ್ಚುಬೆಲ್ಲ ತಂದು ಕುಟ್ಟಿ ಬಾಟಲಿ ಬಾಟಲಿಗೂ ಕೈಯಳತೆಯಲ್ಲಿ ಹಾಕಿದರು. ಒಬ್ಬಟ್ಟಿನ ಹೂರಣಕ್ಕೆ ಹಾಕುವ ಕೈ ಅದು, ಧಾರಾಳ. ಬಾಟಲಿಗಳನ್ನು ಮನೆಯೊಳಗಿನ ಬಾಂಬ್ ಶೆಲ್ಟರ್‌ನಲ್ಲಿ ಸಾಲಾಗಿ ಜೋಡಿಸಿದರು. ಈ ಊರಿನ ಹೊಸ ಫ್ಲ್ಯಾಟುಗಳಲ್ಲೆಲ್ಲ ದಪ್ಪ ಗೋಡೆಯ ಅಂಥದ್ದೊಂದು ಕೋಣೆ ಇರುತ್ತದೆ. ಎಲ್ಲರೂ ಅದರಲ್ಲಿ ಸೂಟ್‌ಕೇಸು, ಅಕ್ಕಿಮೂಟೆ ಇಡುತ್ತಾರೆ. ಯುದ್ಧವಾದರೆ ಜನ ಒಳಗೆ ಕೂರಲಿ ಎಂದು ಕಟ್ಟಿದ ಕೋಣೆಯಲ್ಲಿ ಬಾಂಬು ಒಳಗೇ ಸಿಡಿಯಿತು. ಒಂದು ಬಾಟಲಿ ಒಡೆದದ್ದೇ, ಪಕ್ಕದ್ದೂ, ಅದರ ಪಕ್ಕದ್ದೂ. ಗಾಜು ಅಕ್ಕಿಮೂಟೆಗೆ ಹೊಕ್ಕಿತು. ಮಗಳು ವರ್ಣಿಕಾ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಅಮ್ಮಾ, ನಿನ್ ಬಿಯರ್ ಸೋ ಡೇಂಜರಸ್ ಲಾ, ಪೊಲೀಸ್ ಬರ್ತಾರೆ," ಅಂದಳಂತೆ.

ಆಮೇಲೆ ನಾನೇ ಕೆಗ್ಗು ಎಂಬ ನಲ್ಲಿಯಿರುವ ಒಂದು ಸ್ಟೀಲ್ ಪೀಪಾಯಿ, ಸೋಡಾ ಗ್ಯಾಸಿನ ಒಂದು ಸಣ್ಣ ಸಿಲಿಂಡರ್ ಹೊಂದಿಸಿಕೊಟ್ಟೆ. ತಣ್ಣಗಿನ ಬಿಯರಿಗೆ ಹೊರಗಿನಿಂದ ಮೆಲ್ಲನೆ ಗ್ಯಾಸ್ ಕೊಟ್ಟು ಒಂದು ವಾರ ಬಿಟ್ಟರೆ ಅದು ತಾನಾಗಿ ಕುಡಿದುಕೊಳ್ಳುತ್ತದೆ. ವಾರ ಕಾಯುವುದು ನನ್ನ ಜಾಯಮಾನವಲ್ಲ. ಪ್ರೆಷರ್ ಏರಿಸಿ ಕೆಗ್ಗನ್ನು ಅಲ್ಲಾಡಿಸಿದರೆ ಆಯಿತು ಎಂದು ಏರಿಸಿದೆ, ಅಲ್ಲಾಡಿಸಿದೆ, ನಲ್ಲಿ ತಿರುಗಿಸಿದೆ. ಬಿಯರ್ ಬರಲಿಲ್ಲ, ನೊರೆ ಬಂತು, ಸೀಲಿಂಗ್ ಫ್ಯಾನಿನವರೆಗೆ. ಶಕುಂತಲಮ್ಮ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟು, "ನಿಮ್ಮ ಸಿಟ್ಟಿನ ಹಾಗೇ ಇದೆ ನೋಡಿ ಪ್ರತಾಪಣ್ಣ, ಬರೀ ನೊರೆ," ಅಂದರು. ಆಮೇಲಿಂದ ಗೇಜಿನ ಮುಳ್ಳನ್ನು ಅವರೇ ನೋಡಿಕೊಂಡರು.

ಮನೆಗೆ ಬಂದವರು ಬಿಯರ್ ಕುಡಿದು ಯೋಗೇಶರ ಬೆನ್ನು ತಟ್ಟುತ್ತಿದ್ದರು, ಸೂಪರ್ ಹಾಬಿ ಸಾರ್ ಎಂದು. ಅವರು ನಗುತ್ತಾ ಹೆಂಡತಿಯ ಕಡೆ ಕೈ ತೋರಿಸಿದರೆ ಮಾತು ನಿಂತುಹೋಗುತ್ತಿತ್ತು. ಒಮ್ಮೆ ಗಣೇಶನ ಹಬ್ಬದ ಊಟದಲ್ಲಿ ಒಬ್ಬ ಹೆಂಗಸು, ನಿಮ್ಮನೇಲಿ ತೀರ್ಥಕ್ಕೂ ನಲ್ಲಿ ಹಾಕಿಸಿದೀರಂತೆ ಎಂದು ಎಲ್ಲರೆದುರು ನಕ್ಕರು. ನಾನು ಎಲೆ ಬಿಟ್ಟು ಏಳುವವನಿದ್ದೆ. ಶಕುಂತಲಮ್ಮ ಕೂರಿ ಎಂದು ಕಣ್ಣಲ್ಲೇ ಹೇಳಿದರು. ಆಕೆಗೆ ಆ ಮಾತು ತಾಗಲೇ ಇಲ್ಲ ಅನಿಸುತ್ತದೆ. ಆಕೆಯ ಮನಸ್ಸು ಎಂದಿನಂತೆ ಯಾವುದೋ ಡ್ರಮ್ಮಿನ ಮೇಲೆ ಬಗ್ಗಿಕೊಂಡಿತ್ತು.

ಹೀಗೆ ವರ್ಷಗಳು ಹೋದವು. ಹತ್ತಿರ ಬರುತ್ತಿತ್ತೇ ಹೊರತು ಬರಲಿಲ್ಲ. ನಡುನಡುವೆ ಆಕೆಗೆ ಒಂದು ಭಯ ಹಿಡಿಯುತ್ತಿತ್ತು. ಅಷ್ಟು ಚಿಕ್ಕವಳಿದ್ದಾಗಿನ ನೆನಪು, ತಾನು ಹುಡುಕುತ್ತಿರುವ ವಾಸನೆಯೇ ತಪ್ಪಿದ್ದರೆ? ಹೌದು ಇದೇ ಎನ್ನಲು ಇನ್ನೊಂದು ಮೂಗು ಈ ಭೂಮಿಯ ಮೇಲೆ ಇರಲಿಲ್ಲ. ತಾಯಿಯನ್ನು ಕೇಳುವ ಹಾಗಿರಲಿಲ್ಲ. ಫೋನಿನಲ್ಲಿ ಒಮ್ಮೆ ಕೇಳಿದ್ದಕ್ಕೆ, ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ ಎಂದು ಫೋನ್ ಇಟ್ಟರಂತೆ.

ಆ ಇನ್ನೊಂದು ಮೂಗು ಎರಡು ಸಾವಿರದ ಹದಿನಾರರ ಯುಗಾದಿಗೆ ಸಿಂಗಪುರಕ್ಕೆ ಬಂತು. ಕೃಷ್ಣಪ್ಪ ಎಂಬ ಹಿರಿಯರು. ಮಗನ ಮನೆ ನೋಡಲು ಬಂದಿದ್ದವರು ಹಬ್ಬದ ಊಟಕ್ಕೆ ನಮ್ಮ ಪಂಕ್ತಿಯಲ್ಲೇ ಕೂತಿದ್ದರು. ಮಾತಿಗೆ ಮಾತು ಬಂದು, ಎಲ್ಲಿ ಕೆಲಸದಲ್ಲಿದ್ದಿರಿ ಎಂದು ನಾನೇ ಕೇಳಿದೆ. ಬೆಂಗಳೂರಲ್ಲಿ ಬಿಯರ್ ಫ್ಯಾಕ್ಟರಿ ಅಂದರು. ಬಡಿಸುತ್ತಿದ್ದ ಶಕುಂತಲಮ್ಮನ ಕೈಯ ಸೌಟು ಎಲೆಯ ಮೇಲೆಯೇ ನಿಂತುಬಿಟ್ಟಿತು. ಶಿವರಾಮ್ ಅಂತ ಗೊತ್ತಿತ್ತಾ ಅಂಕಲ್ ಎಂದು ಕೇಳಿದರು. ಕೃಷ್ಣಪ್ಪನವರು ತಲೆ ಎತ್ತಿ ಬಹಳ ಹೊತ್ತು ನೋಡಿ, "ನೀನು ಶಕ್ಕೂ ಅಲ್ವಾ?" ಅಂದರು.

ಆಕೆ ಅಲ್ಲಿ ಏನನ್ನೂ ಕೇಳಲಿಲ್ಲ. ಬರುವ ಭಾನುವಾರ ಮನೆಗೆ ಬರಬೇಕು ಎಂದಷ್ಟೇ ಕೈ ಮುಗಿದರು. ಅವರು ಅದರ ಮುಂದಿನ ವಾರ ಬೆಂಗಳೂರಿಗೆ ಹೊರಡುವವರು. ಆ ಪಾಳಿಯವರಲ್ಲಿ ಉಳಿದಿರುವುದು ತಾನೊಬ್ಬನೇ ಎಂದು ಅವರೇ ಹೇಳಿದ್ದರು. ನನಗೆ ಶಕುಂತಲಮ್ಮ, ನೀವೂ ಬನ್ನಿ ಪ್ರತಾಪಣ್ಣ, ನನಗೊಬ್ಬಳಿಗೆ ಧೈರ್ಯ ಸಾಲದು ಅಂದರು.

ಭಾನುವಾರ ಮಧ್ಯಾಹ್ನ ಹೋದೆ. ಮನೆ ತುಂಬ ಹಬ್ಬದ ಅಡುಗೆಯ ಘಮ. ಹಿಂದಿನ ದಿನವೇ ಹೊಸದಾಗಿ ಬಾರ್ಲಿ ಬೇಯಿಸಿ ಒಂದು ಡ್ರಮ್ ಹಾಕಿದ್ದರು, ಕುದಿಯುವ ಹಂತದ ವಾಸನೆಯೂ ಬೇಕಾದರೆ ಇರಲಿ ಎಂದು ಒಂದು ಪಾತ್ರೆ ರಸವನ್ನು ಬೇರೆ ಎತ್ತಿಟ್ಟಿದ್ದರು. ಇದುವರೆಗಿನದರಲ್ಲಿ ಅತಿ ಹತ್ತಿರ ಬಂದ ಬಿಯರ್ ಕೆಗ್ಗಿನಲ್ಲಿ ತಣ್ಣಗಿತ್ತು. ಊಟ ಆಯಿತು. ಎಲ್ಲರೂ ಕೂತೆವು. ಶಕುಂತಲಮ್ಮ ಗ್ಲಾಸನ್ನು ಓರೆ ಹಿಡಿದು ನಲ್ಲಿ ತಿರುಗಿಸಿದರು. ಮೇಲೆ ಎರಡು ಬೆರಳು ನೊರೆ ಬಿಟ್ಟುಕೊಂಡು ಜೇನಿನ ಬಣ್ಣದ್ದು ಇಳಿಯಿತು. ತಂದು ಅವರ ಕೈಗೆ ಕೊಟ್ಟು, ಕುಡಿಯುವ ಮೊದಲು ಮೂಸಿ ನೋಡಿ ಮಾಮ ಅಂದರು. ಅಂಕಲ್ ಹೋಗಿ ಮಾಮ ಆಗಿತ್ತು.

ಕೃಷ್ಣಪ್ಪನವರು ಮೂಸಿದರು, ಕುಡಿದರು, ಚೆನ್ನಾಗಿದೆಯಮ್ಮ ಅಂದರು.

ಅಪ್ಪನ ಅಂಗಿಯ ವಾಸನೆ ಇದೇನಾ ಎಂದು ಆಕೆ ಕೇಳಿದರು. ಅವರು ಇನ್ನೊಂದು ಗುಟುಕು ಕುಡಿದು, ನಮ್ಮ ಫ್ಯಾಕ್ಟರಿಯದಕ್ಕಿಂತ ಒಂದು ಕೈ ಮೇಲೇ ಇದೆ ಅಂದರು. ಆಕೆ ಮತ್ತೆ ಕೇಳಿದರು. ಅವರು ಯೋಗೇಶರ ಕಡೆ ತಿರುಗಿ ಇಲ್ಲಿ ಮಳೆ ಯಾವ ತಿಂಗಳು ಹೆಚ್ಚು ಎಂದು ವಿಚಾರಿಸಿದರು. ರಸದ ಪಾತ್ರೆ ತಂದು ಮುಂದೆ ಹಿಡಿದರೆ ಅದಕ್ಕೂ ತಲೆ ಆಡಿಸಿದರು, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಶಕುಂತಲಮ್ಮನ ಮುಖ ನೋಡಲಾಗಲಿಲ್ಲ. ನನ್ನ ಕೈಯಲ್ಲಿ ಆಗಲಿಲ್ಲ.

"ಯಜಮಾನ್ರೇ, ಹೌದು ಅಂದ್ರೆ ಹೌದು ಅನ್ನಿ, ಅಲ್ಲ ಅಂದ್ರೆ ಅಲ್ಲ ಅನ್ನಿ. ಈ ಹೆಣ್ಣುಮಗಳು ಎಷ್ಟು ವರ್ಷದಿಂದ ಇದಕ್ಕೋಸ್ಕರ ಒಲೆ ಮುಂದೆ ನಿಂತಿದೆ ಗೊತ್ತಾ ನಿಮಗೆ? ಮಳೆ ವಿಷಯ ಆಮೇಲೆ ಮಾತಾಡೋಣ."

ಯೋಗೇಶ್ ಗಾಬರಿಯಾಗಿ ನನ್ನ ಮೊಣಕೈ ಹಿಡಿದರು. ಕೃಷ್ಣಪ್ಪನವರು ಗ್ಲಾಸು ಕೆಳಗಿಟ್ಟು, ಕೈ ತೊಳೆಯಬೇಕು ಎಂದು ಎದ್ದು ಅಡುಗೆಮನೆಗೆ ಹೋದರು. ಅವರು ಹೋದ ಮೇಲೆ ನಲ್ಲಿಯ ಸದ್ದು ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ ನಾವು ಮೂವರೂ ಎದ್ದು ಹೋದೆವು.

ಅವರು ಬಟ್ಟೆ ಒಣಗಿಸುವ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ಅಲ್ಲೊಂದು ಪ್ಲಾಸ್ಟಿಕ್ ಚೀಲ. ರಸ ಬಸಿದ ಮೇಲೆ ಉಳಿಯುವ ಬಾರ್ಲಿಯ ಹೊಟ್ಟು. ಈ ಊರಿನ ಸೆಕೆಗೆ ಅದು ಬೇಗ ಕೆಡುತ್ತದೆ, ಇರುವೆ ಬರುತ್ತದೆ ಎಂದು ಶಕುಂತಲಮ್ಮ ಪ್ರತಿ ಸಲವೂ ಬಿಸಿ ಆರುವ ಮೊದಲೇ ಗಂಟು ಕಟ್ಟಿ ಕಾರಿಡಾರಿನ ಕಸದ ಕೊಳವೆಗೆ ಹಾಕಿ ಬರುವವರು. ಈ ಸಲ ಮಾಮ ಬರುವ ಸಂಭ್ರಮದಲ್ಲಿ ಮರೆತಿದ್ದರು. ಒಂದು ರಾತ್ರಿ, ಅರ್ಧ ಹಗಲು ಅದು ಅಲ್ಲೇ ಕೂತಿತ್ತು. ಕೃಷ್ಣಪ್ಪನವರು ಚೀಲ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದ್ದರು. ಒಂದು ಹಿಡಿ ಎತ್ತಿ, ಎರಡೂ ಅಂಗೈ ನಡುವೆ ತಿಕ್ಕಿ, ಮೂಗಿಗೆ ಹಿಡಿದರು.

"ಬಾ ಶಕ್ಕೂ," ಅಂದರು. "ಇದು ಶಿವರಾಮ."

ಆಕೆ ಕೂತು ಅವರ ಅಂಗೈಗೆ ಮುಖ ತಂದರು. ಹಾಗೇ ಇದ್ದರು. ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಹಿಂದೆ ನಿಂತ ನನಗೂ ಆ ವಾಸನೆ ಬಂತು. ಹಸಿ, ಸಿಹಿ, ಅದರ ಅಡಿಯಲ್ಲಿ ಸ್ವಲ್ಪ ಹುಳಿ. ಕೊಟ್ಟಿಗೆಯ ಬಾಗಿಲು ತೆಗೆದ ಹಾಗೆ.

ಕೃಷ್ಣಪ್ಪನವರು ಕೂತಲ್ಲೇ ನೆಲ ನೋಡುತ್ತಾ ಹೇಳಿದರು. "ಅವನನ್ನ ಬಿಯರ್ ಬೇಯಿಸೋ ಕೋಣೆಯೊಳಗೆ ಬಿಡ್ತಾನೇ ಇರ್ಲಿಲ್ಲಮ್ಮ. ಹೊರಗಡೆ ಬೂಸಾ ಗುಡ್ಡೆ ಇರೋದು, ಈ ಹೊಟ್ಟು. ಅದನ್ನ ಸಲಿಕೇಲಿ ಎತ್ತಿ ಗಾಡಿಗೆ ತುಂಬೋದು ಅವನ ಕೆಲಸ. ದನ ಸಾಕೋರು ಬೆಳಗ್ಗೆನೇ ಬಂದು ನಿಂತಿರೋರು. ನೀನು ಕೇಳಿದ್ದಕ್ಕೆ ಬಿಯರ್ ಮಾಡ್ತೀನಿ ಅಂದಿದ್ದನಂತೆ. ನಮಗೆಲ್ಲ ಹೇಳಿಟ್ಟಿದ್ದ, ಮಗು ಏನಾದ್ರೂ ಕೇಳಿದ್ರೆ ಹೌದು ಅನ್ನಿ, ಅವಳು ಸ್ಕೂಲಲ್ಲಿ ಹೇಳ್ಕೊಂಡಿದಾಳೆ ಅಂತ. ಕೊಟ್ಟ ಮಾತು. ಅವನೂ ಇಲ್ಲ. ಹ್ಯಾಗೆ ಮುರೀಲಿ ಹೇಳು."

ಇಷ್ಟು ಕೇಳಿದ ಮೇಲೆ ನಾನು ಮೊದಲು ಆಡಿದ ಮಾತಿಗೆ ನಾಚಿ ಅಡುಗೆಕಟ್ಟೆಗೆ ಒರಗಿದೆ.

ಅಪ್ಪ ಸುಳ್ಳು ಹೇಳಿದರು ಎಂದು ಶಕುಂತಲಮ್ಮ ನೊಂದುಕೊಳ್ಳುತ್ತಾರೇನೋ ಎಂದು ಯೋಗೇಶ್ ಹೆದರಿದ್ದರಂತೆ. ಆಕೆ ಆ ಕಡೆಗೆ ಗಮನವನ್ನೇ ಕೊಡಲಿಲ್ಲ. ಚೀಲದಿಂದ ತಾವೇ ಒಂದು ಹಿಡಿ ತೆಗೆದುಕೊಂಡರು. "ಇಷ್ಟು ವರ್ಷ ಇದನ್ನೇ ಎಸೀತಾ ಇದ್ದೆ ಮಾಮ," ಅಂದರು. ಇನ್ನೊಮ್ಮೆ ಮೂಸಿ, "ಇದೇ. ಆದ್ರೆ ಏನೋ ಒಂದು ಕಮ್ಮಿ ಇದೆ," ಅಂದರು.

ಬಿಸಿಲಲ್ಲಿ ಬೆವರುತ್ತಿದ್ದ, ಬೀಡಿ ಸೇದುತ್ತಿದ್ದ, ಅದು ಇಲ್ಲಿ ಎಲ್ಲಿಂದ ಬರಬೇಕಮ್ಮ ಎಂದು ಕೃಷ್ಣಪ್ಪನವರು ಎದ್ದು ಕೈ ತೊಳೆದುಕೊಂಡರು. ಬಿಯರ್ ಕುಡಿಯುತ್ತಿದ್ದರಾ ಎಂದು ಯೋಗೇಶ್ ಕೇಳಿದರು. ತೊಟ್ಟೂ ಇಲ್ಲ ಅಂದರು.

ಅವತ್ತಿನಿಂದ ಆ ಮನೆಯಲ್ಲಿ ಬಿಯರ್ ಮಾಡುವುದು ನಿಂತಿತು. ಬಾರ್ಲಿ ಬೇಯಿಸುವುದು ನಿಲ್ಲಲಿಲ್ಲ. ಶಕುಂತಲಮ್ಮ ಹೊಟ್ಟನ್ನು ಕಟ್ಟಿಟ್ಟು ಮಾರನೆಯ ಮಧ್ಯಾಹ್ನ ಬಿಚ್ಚುವರು, ಅಷ್ಟೇ ಬೇಕಾಗಿದ್ದದ್ದು. ಬಸಿದ ರಸವನ್ನು ನನಗೆ ಕೊಡುವರು. ಯೋಗೇಶ್ ಪಾಪದ ಮನುಷ್ಯ, ಮೊದಲು ಹೆಂಡತಿ ಬಿಯರ್ ಮಾಡ್ತಾಳೆ ಅಂತಾದ್ರೂ ಹೇಳ್ಕೊಳ್ಳಬಹುದಿತ್ತು, ಈಗ ದನದ ಬೂಸಾ ಮಾಡ್ತಾಳೆ ಅನ್ಬೇಕಾ ಪ್ರತಾಪ್ ಎಂದು ನನ್ನೆದುರು ನಗುವ ಹಾಗೆ ಮಾಡಿದರು. ಪೂರ್ತಿ ನಗಲಿಲ್ಲ. ರಸವನ್ನು ಮನೆಗೆ ಒಯ್ದು ನಾನೇ ಯೀಸ್ಟ್ ಹಾಕಿದೆ. ಒಂದು ಸಲ ಹುಳಿಯಾಯಿತು, ಇನ್ನೊಂದು ಸಲ ಗ್ಯಾಸ್ ಹಿಡಿಯಲಿಲ್ಲ. ಮತ್ತೊಂದನ್ನು ಹಾಗೂ ಹೀಗೂ ಕುಡಿದೆ.

ತಿಂಗಳುಗಳು ಹೋದವು. ಮಳೆ ಹಿಡಿದಿದ್ದ ಒಂದು ಸಂಜೆ ಹೋದಾಗ ದೊಡ್ಡ ಪಾತ್ರೆ ತೊಳೆದು ಬೋರಲು ಹಾಕಿತ್ತು. ಡ್ರಮ್ಮು, ಕೆಗ್ಗು, ಕೊಳವೆ, ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿಟ್ಟಿದ್ದರು. ಇದನ್ನೆಲ್ಲ ನೀವೇ ಇಟ್ಟುಕೊಳ್ಳಿ, ಇನ್ನು ಮಾಡುವುದಿಲ್ಲ ಅಂದರು. ನನಗೆ ರೇಗಿತು. ಸಿಗದಿದ್ದಾಗ ಬಿಡಲಿಲ್ಲ, ಸಿಕ್ಕ ಮೇಲೆ ಯಾರಾದರೂ ಬಿಡುತ್ತಾರೆಯೇ, ತಲೆ ಕೆಟ್ಟಿದೆಯೇ ಎಂದು ಎಗರಾಡಿದೆ. ಆಕೆ ನಾನು ಮುಗಿಸುವವರೆಗೆ ಕಾದರು.

"ನಿನ್ನೆ ಚೀಲ ಬಿಚ್ಚಿದೆ ಪ್ರತಾಪಣ್ಣ. ಅಪ್ಪ ಬರ್ಲಿಲ್ಲ. ನಮ್ಮ ಅಡುಗೆಮನೆ ವಾಸನೆ ಬಂತು, ಅಷ್ಟೆ."

ನಾನು ಸ್ಟೂಲ್ ಎಳೆದುಕೊಂಡು ಕೂತೆ.

ಬಿಚ್ಚಿ ಬಿಚ್ಚಿ ನಾನೇ ಅದನ್ನ ಸವೆಸ್ತಾ ಇದೀನಿ ಅಂದರು. ಪ್ರತಿ ವಾರ ಮೂಸಿದರೆ ಅದು ಅಪ್ಪನದಾಗಿ ಉಳಿಯದು, ಪಾಸಿರ್ ರಿಸ್‌ನ ಈ ಮನೆಯದಾಗುತ್ತದೆ, ಆಮೇಲೆ ಎಲ್ಲಿ ಹುಡುಕಿದರೂ ಸಿಗದು. ಅಮ್ಮ ಸೋಪು ಹಾಕಿ ತೊಳೆದರು, ನಾನು ಮೂಸಿ ಮೂಸಿ ತೊಳೆಯುತ್ತಿದ್ದೇನೆ ಎಂದರು. ಅದಕ್ಕೇ ಇನ್ನು ಮೇಲೆ ವರ್ಷಕ್ಕೆ ಒಂದೇ ಸಲ, ಮಹಾಲಯ ಅಮಾವಾಸ್ಯೆಯ ದಿನ. ಅಲ್ಲಿಯವರೆಗೆ ಮೂಗು ಮರೆತಿರಲಿ ಅಂದರು.

ನಾನು ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿಕೊಂಡೆ. ಪಾತ್ರೆಯೊಂದನ್ನು ಅಲ್ಲೇ ಬಿಟ್ಟೆ.

ಅದಾದ ಮೇಲಿನ ಮಹಾಲಯ ಅಮಾವಾಸ್ಯೆಗೆ ಯೋಗೇಶ್ ನನ್ನನ್ನು ಕರೆದರು. ಹಿಂದಿನ ದಿನವೇ ಬಾರ್ಲಿ ಬೇಯಿಸಿ ಹೊಟ್ಟು ಕಟ್ಟಿಟ್ಟಾಗಿತ್ತು. ಹಿರಿಯರಿಗೆ ಎಡೆ ಇಟ್ಟಿದ್ದರು, ವಡೆ, ಪಾಯಸ, ಒಂದು ಕಟ್ಟು ಬೀಡಿ. ಬೀಡಿಯನ್ನು ಲಿಟಲ್ ಇಂಡಿಯಾದಲ್ಲೆಲ್ಲ ಅಲೆದು ಹುಡುಕಿ ತಂದದ್ದು ಯೋಗೇಶ್. ಕೈ ಮುಗಿದೆವು. ಆಮೇಲೆ ಶಕುಂತಲಮ್ಮ ಅಡುಗೆಮನೆಗೆ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗಿನಿಂದ ಬಾಗಿಲು ಹಾಕಿಕೊಂಡರು. ವಾಸನೆ ಹೊರಗೆ ಹೋಗಬಾರದಲ್ಲ.

ನಾವಿಬ್ಬರೂ ಹಾಲ್‌ನಲ್ಲಿ ಎಲೆಗಳ ಮುಂದೆ ಕೂತೆವು. ಅನ್ನ ಆರುತ್ತಿತ್ತು. ಚೀಲದ ಪ್ಲಾಸ್ಟಿಕ್ಕು ಸರಸರ ಅಂದದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಬಂತೋ ಇಲ್ಲವೋ ಹೇಳುವವರಿಲ್ಲ. ಯೋಗೇಶ್ ಗಡಿಯಾರ ನೋಡಿದರು, ಬಾಗಿಲು ನೋಡಿದರು, ಕೊನೆಗೆ ತಟ್ಟಿ ನೋಡ್ತೀನಿ ಎಂದು ಎದ್ದರು.

ನಾನು ಅವರ ಕೈ ಹಿಡಿದು ಕೂರಿಸಿದೆ.